ಒಂದು ಸಾಲಿನ ತಿದ್ದುಪಡಿ

ಅಕ್ಕನ ಕಂಪ್ಯೂಟರ್ ಪರದೆಯ ಮೇಲೆ ತನ್ನ ಮೇಜಿನ ಸಂಖ್ಯೆ ಕಂಡದ್ದೇ ತಡ, ಅವಳು ಕೈಲಿದ್ದ ನೀರಿನ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

ಅಕ್ಕ ಕೆಳಗೆ ಔಷಧಿ ಅಂಗಡಿಗೆ ಹೋಗಿದ್ದಳು. ಹೋಗುವ ಗಡಿಬಿಡಿಯಲ್ಲಿ ಪರದೆಯನ್ನು ಹಾಗೇ ತೆರೆದಿಟ್ಟಿದ್ದಳು. ಅದರಲ್ಲಿದ್ದ ಕಿಟಕಿಯನ್ನು ಇಬ್ಬರೂ ಕಣ್ಣುಮುಚ್ಚಿ ಬಿಡಿಸಿ ತೋರಿಸಬಲ್ಲರು. ಎಡಕ್ಕೆ ಕಡತಗಳ ಪಟ್ಟಿ, ನಡುವೆ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಸಾಲುಸಾಲಾಗಿ ಕೊಡುವ ಆಜ್ಞೆ, ಬರೆಯುವ ಜಾಗ, ಕೆಳಗೆ ಫಲಿತಾಂಶ, ಮೇಲೆ ಅದನ್ನು ನಡೆಸುವ ಹಸಿರು ರನ್ ಗುಂಡಿ. ಸಂಸ್ಥೆ ಮಾರುತ್ತಿದ್ದುದು ಈ ತಂತ್ರಾಂಶವನ್ನೇ. ಅದು ಕೈಕೊಟ್ಟಾಗ ಜನ ಫೋನ್ ಮಾಡುತ್ತಿದ್ದುದು ಇವರಿಬ್ಬರಿಗೆ.

ಒಂದು ಕಾಲಕ್ಕೆ ಒಂಬತ್ತು ಮಂದಿ ಇದ್ದರು. ಹೊಸ ಹೊಸ ಆವೃತ್ತಿ ಬಂದಂತೆ ತಂತ್ರಾಂಶವೇ ಬರೆಯುವವರ ತಪ್ಪನ್ನು ತೋರಿಸಿಕೊಡತೊಡಗಿತು. ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಉಳಿದದ್ದು ಏಳನೇ ಮೇಜಿನ ಇವಳು, ನಾಲ್ಕನೇ ಮೇಜಿನ ಅಕ್ಕ. ಒಡಹುಟ್ಟಿದವಳೇನಲ್ಲ, ಇಡೀ ಕಚೇರಿಗೇ ಅಕ್ಕ. ತಿಂಗಳ ಹಿಂದೆ ಮ್ಯಾನೇಜರ್ ಇಬ್ಬರನ್ನೂ ಎದುರು ಕೂರಿಸಿಕೊಂಡು, ಗೋಡೆ ನೋಡುತ್ತಾ ಹೇಳಿದ್ದರು: "ಮುಂದಿನ ತಿಂಗಳಿಂದ ಒಬ್ಬರೇ. ಈ ತಿಂಗಳು ಯಾರು ಹೆಚ್ಚು ಕರೆ ಬಗೆಹರಿಸ್ತಾರೋ ಅವರು ಇರ್ತಾರೆ."

ಆ ತಿಂಗಳು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು.

ಅವಳಿಗೂ ಸಾಕಾಗಿಹೋಗಿತ್ತು. ಹನ್ನೊಂದು ವರ್ಷ ಹೆಡ್‌ಫೋನ್ ಒತ್ತಿ ಒತ್ತಿ ಬಲಗಿವಿ ಮರಗಟ್ಟಿತ್ತು. ಆದರೆ ಮನೆಯಲ್ಲಿ ಮಂಡಿ ಹಿಡಿದು ಕೂತ ತಾಯಿ, ಏಳನೇ ತರಗತಿಯ ಮಗಳು. ದುಡಿಯುವ ಕೈ ಇವಳದೊಂದೇ. ದಣಿಯುವುದಕ್ಕೂ ಪುರಸೊತ್ತು ಬೇಕು.

ಅಕ್ಕ ಮಾತ್ರ ಈ ತಿಂಗಳು ಇಪ್ಪತ್ತರ ಹುಡುಗಿಯ ಹಾಗೆ ದುಡಿದಿದ್ದಳು. ತುತ್ತು ಬಾಯಲ್ಲಿರುವಾಗಲೂ ಫೋನ್ ಎತ್ತುತ್ತಿದ್ದಳು. "ಯಾಕಕ್ಕ ಇಷ್ಟು ಆತುರ?" ಎಂದರೆ, "ಗಂಟು ಕಟ್ತಾ ಇದ್ದೀನಿ ಕಣೇ" ಎಂದು ನಗುತ್ತಿದ್ದಳು. ಮೊನ್ನೆ ತನ್ನ ಡ್ರಾಯರ್ ಖಾಲಿ ಮಾಡಿ, ಬೆಳಕು ಬೀಳುವ ಕಡೆಯ ದೊಡ್ಡ ಮೇಜನ್ನು ಉಜ್ಜಿ ಉಜ್ಜಿ ಒರೆಸಿದ್ದಳು. ಒಬ್ಬಳೇ ಉಳಿದ ಮೇಲೆ ಕೂರಲು ಒಳ್ಳೆಯ ಜಾಗ ಬೇಕಲ್ಲ! ಇವಳು ನೋಡಿಯೂ ನೋಡದಂತೆ ಇದ್ದುಬಿಟ್ಟಿದ್ದಳು.

ಈಗ ಕಣ್ಣೆದುರಿಗೆ ಹದಿನಾಲ್ಕು ಸಾಲಿನ ಸ್ಕ್ರಿಪ್ಟ್. ಕರೆಗಳ ದಾಖಲೆ ತೆರೆಯುವುದು, ಈ ತಿಂಗಳದ್ದನ್ನು ಆರಿಸುವುದು. ಆಮೇಲೆ ಕೊನೆಯ ಸಾಲು: ಸರಿಸು 7, 4.

ಏಳರಿಂದ ನಾಲ್ಕಕ್ಕೆ.

ತನ್ನ ಕರೆಗಳೆಲ್ಲ ಅಕ್ಕನ ಲೆಕ್ಕಕ್ಕೆ! 'ಸರಿಸು' ಎಂಬ ಪದದ ಮೇಲೆ ಮೌಸಿನ ಬಾಣ ನಿಲ್ಲಿಸಿದರೆ ವಿವರದ ಹಳದಿ ಚೀಟಿ ತೆರೆದುಕೊಳ್ಳುತ್ತದೆ. ದಿನಕ್ಕೆ ಹತ್ತು ಜನಕ್ಕೆ ಆ ಚೀಟಿ ಓದಿ ಎಂದು ಹೇಳುವವಳು ಅದನ್ನು ತಾನೇ ಓದುತ್ತಾ ಕೂರುವುದುಂಟೇ? ಏಳನ್ನು ಅಳಿಸಿ ನಾಲ್ಕು ಮಾಡಿದಳು. ನಾಲ್ಕನ್ನು ಅಳಿಸಿ ಏಳು ಮಾಡಿದಳು. ಉಳಿಸಿದಳು. ರನ್ ಒತ್ತಲಿಲ್ಲ. ತೋಡಿದವಳೇ ಬೀಳಲಿ.

ತನ್ನ ಮೇಜಿಗೆ ಬರುವಷ್ಟರಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಗಡಿಯಾರ ರಿಪೇರಿಯ ಯಜಮಾನರು. ಅಂಗಡಿಯ ಬಿಡಿಭಾಗಗಳ ಪಟ್ಟಿ ಮಾಡಲೆಂದು ಅರವತ್ತನೇ ವಯಸ್ಸಿನಲ್ಲಿ ಸ್ಕ್ರಿಪ್ಟ್ ಕಲಿಯುತ್ತಿದ್ದವರು.

"ಮೇಡಂ, ರನ್ ಒತ್ತಿದೆ. ಪಟ್ಟಿಯೇ ಮಾಯ!"

"ಒತ್ತೋ ಮೊದಲು ಒಂದೊಂದೇ ಸಾಲು ನಡೆಸಿ ನೋಡಿ ಅಂದಿದ್ದೆ ತಾನೇ?"

"ನೋಡೋದೇನು, ಗೊತ್ತಿರೋದೇ ಅಲ್ವಾ ಅಂದ್ಕೊಂಡೆ."

ಹಳೆಯ ಪ್ರತಿಯಿಂದ ಪಟ್ಟಿಯನ್ನು ಮರಳಿ ತರಿಸಿಕೊಟ್ಟಳು. ಕರೆ ಬಗೆಹರಿದಿದೆ ಎಂದು ಗುರುತು ಹಾಕಿದಳು.

ಅಕ್ಕ ಏದುಸಿರು ಬಿಡುತ್ತಾ ಬಂದಳು. ಬಂದವಳೇ ಇವಳ ಮುಂದೆ ಒಂದು ಮುಲಾಮಿನ ಟ್ಯೂಬು ಇಟ್ಟಳು. "ನಿಮ್ಮಮ್ಮನ ಮಂಡಿಗೆ. ರಾತ್ರಿ ಮಲಗೋವಾಗ ಹಚ್ಚು."

ಕತ್ತು ಕುಯ್ಯುವ ಮೊದಲು ಎಣ್ಣೆ ಸವರುತ್ತಿದ್ದಾಳೆ ಎಂದುಕೊಂಡಳು ಇವಳು. "ಥ್ಯಾಂಕ್ಸ್ ಅಕ್ಕ" ಎಂದಳು.

ಅಕ್ಕ ತನ್ನ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಹಸಿರು ಗುಂಡಿ ಒತ್ತಿದಳು. 'ಮುಗಿಯಿತು' ಎಂದು ಪರದೆ ಹೇಳಿತು. ಅಷ್ಟೇ ಸಾಕೆಂಬಂತೆ ಕಿಟಕಿ ಮುಚ್ಚಿ ಬೆನ್ನು ಒರಗಿಸಿದಳು. ತಿಂಗಳಿಡೀ ಬಿಗಿದುಕೊಂಡಿದ್ದ ಮುಖ ಸಡಿಲವಾಗಿತ್ತು.

"ಅಬ್ಬಾ. ಇನ್ನು ನಿದ್ದೆ ಬರುತ್ತೆ ನೋಡು. ನಾಳೆಯಿಂದ ಆ ಗಡಿಯಾರದ ಯಜಮಾನ್ರು ಒಬ್ಬರ ತಲೆಮೇಲೇ."

ಈಗಲೂ ಬಾಯಿ ಬಿಡಬಹುದಿತ್ತು. ಅಕ್ಕನಿಗೂ ಇನ್ನು ಮೂರು ವರ್ಷ ಸರ್ವಿಸ್ ಇತ್ತು. ಇವಳು ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಗಡಿಯಾರ ನೋಡಿದಳು.

ಐದಕ್ಕೆ ಮ್ಯಾನೇಜರ್ ಹಾಳೆ ಹಿಡಿದು ಬಂದರು. ಅವರ ಮುಖದಲ್ಲೂ ಜೀವವಿರಲಿಲ್ಲ. ಇಂಥ ಹಾಳೆಗಳನ್ನು ಓದಿ ಓದಿ ಅವರೂ ಬೇಸತ್ತಿದ್ದರು.

"ನಾಲ್ಕನೇ ಮೇಜು, ಆರುನೂರ ಹನ್ನೆರಡು."

ಅವಳು ಎದ್ದು ಹಾಳೆಯತ್ತ ಬಗ್ಗಿದಳು.

"ಏಳನೇ ಮೇಜು..." ಅವರು ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಇದೇನಮ್ಮ, ಸೊನ್ನೆ ಅಂತ ಇದೆ?"

ಅಕ್ಕ ದಡಕ್ಕನೆ ಎದ್ದಳು. "ಸಾಧ್ಯವೇ ಇಲ್ಲ ಸಾರ್! ಮೊದಲು ಸೇರೋ ಮೇಜು ಏಳು, ಆಮೇಲೆ ಬಿಡೋ ಮೇಜು ನಾಲ್ಕು ಅಂತ ಬರೆದು, ನನ್ನ ಕರೆಗಳನ್ನೆಲ್ಲ ಈಗ ತಾನೇ ನನ್ನ ಕೈಯಾರೆ ಇವಳ ಹೆಸರಿಗೆ ಹಾಕಿದೀನಿ."