ಪೆಟ್ಟಿಗೆ ಹೊತ್ತವರು

"ಶುದ್ಧ ಸುಳ್ಳು!" ಎಂದುಬಿಟ್ಟರು ಇತಿಹಾಸದ ಮೇಷ್ಟ್ರು. ಅದೂ ಎಲ್ಲಿ? ತಮ್ಮದೇ ಬೀಳ್ಕೊಡುಗೆ ಸಭೆಯಲ್ಲಿ, ತಮ್ಮನ್ನೇ ಹೊಗಳುತ್ತಿದ್ದವನ ಮಾತಿಗೆ ಅಡ್ಡ ಬಾಯಿ ಹಾಕಿ.

ಹೊಗಳುತ್ತಿದ್ದವನು ಅವರ ಶಿಷ್ಯ, ಈಗ ಅದೇ ವಿಭಾಗದಲ್ಲಿ ಉಪನ್ಯಾಸಕ. ಹಿಂದೊಮ್ಮೆ ನೀರಿನ ಪೈಪು ಒಡೆದು ಹಳೆಯ ದಾಖಲೆಗಳ ಕೋಣೆಗೆ ನೀರು ನುಗ್ಗಿತ್ತು. ಆಗ ಮೇಷ್ಟ್ರು ಮೊಣಕಾಲುದ್ದ ನೀರಿಗಿಳಿದು ಪೆಟ್ಟಿಗೆಗಳನ್ನೆಲ್ಲ ಒಬ್ಬರೇ ಹೊತ್ತು ಉಳಿಸಿದರು ಎಂದು ಅವನು ಬಣ್ಣ ಕಟ್ಟಿ ಹೇಳುತ್ತಿದ್ದ. ಮೇಷ್ಟ್ರ ಪುಸ್ತಕಗಳೆಲ್ಲ ಹುಟ್ಟಿದ್ದು ಆ ಪೆಟ್ಟಿಗೆಗಳಿಂದಲೇ.

ಮೇಷ್ಟ್ರು ಮೈಕು ಕಸಿದುಕೊಂಡರು. "ಹೊತ್ತಿದ್ದು ನಾನಲ್ಲಪ್ಪಾ! ಅವತ್ತು ನಾನು ಸೊಂಟ ಹಿಡ್ಕೊಂಡು ಮಂಚದ ಮೇಲೆ ಅಯ್ಯೋ ಅಮ್ಮಾ ಅಂತ ನರಳ್ತಿದ್ದೆ. ಓಡಿ ಬಂದು ಹೊತ್ತವಳು ಇವಳು!" ಎಂದು ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ಕೈ ತೋರಿಸಿದರು.

ಸಭೆ ಗೊಳ್ಳೆಂದು ನಕ್ಕಿತು. ಚಪ್ಪಾಳೆಯೋ ಚಪ್ಪಾಳೆ.

"ಎಂಥಾ ವಿನಯ!" ಎಂದರು ಪ್ರಿನ್ಸಿಪಾಲರು.

"ಹೆಂಡ್ತಿ ಎದುರಿಗಿದ್ರೆ ನಾವೂ ಹೀಗೇ ಹೇಳೋದು ಬಿಡಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಮೇಷ್ಟ್ರಿಗೆ ಮೈ ಉರಿದುಹೋಯಿತು. ಈ ಭಾಷಣ ನಾಳೆ ಕಾಲೇಜಿನ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಒಮ್ಮೆ ಅಚ್ಚಾಯಿತೋ, ಆಮೇಲೆ ಆ ಬ್ರಹ್ಮ ಬಂದರೂ ತಿದ್ದಲಾಗದು. ತಮ್ಮ ಬದುಕಿನ ಕೆಲಸವನ್ನೆಲ್ಲ ಉಳಿಸಿಕೊಟ್ಟವಳ ಹೆಸರೇ ಅದರಲ್ಲಿ ಇರುವುದಿಲ್ಲ.

"ನಗಬೇಡ್ರಯ್ಯಾ, ನಿಜ ಹೇಳ್ತಿದ್ದೀನಿ!"

"ಸರ್, ಆಧಾರ ಇಲ್ದೆ ಒಂದು ಸಾಲೂ ಬರೀಬೇಡ ಅಂತ ಕಿವಿ ಹಿಂಡಿ ಕಲಿಸಿದವರು ನೀವೇ," ಎಂದ ಶಿಷ್ಯ, ತುಂಟ ನಗೆ ನಗುತ್ತ. "ಈಗ ಇದಕ್ಕೆ ಆಧಾರ ಎಲ್ಲಿದೆ?"

ಮೇಷ್ಟ್ರಿಗೆ ಇನ್ನಷ್ಟು ರೇಗಿತು. ಕತ್ತೆ ಭಡವ, ಪಾಠ ಚೆನ್ನಾಗಿಯೇ ಕಲಿತಿದ್ದಾನೆ ಎಂದು ಒಳಗೊಳಗೇ ಖುಷಿಯೂ ಆಯಿತು, ಅದು ಬೇರೆ ಮಾತು.

ಅಷ್ಟರಲ್ಲಿ ಹೆಂಡತಿ ಎದ್ದು ನಿಂತರು. "ಅವರನ್ನ ಯಾಕೆ ಕೇಳ್ತೀಯಪ್ಪಾ? ಅವರು ಮಂಚದ ಮೇಲಿದ್ರು."

ನಗು ಗಕ್ಕನೆ ನಿಂತಿತು. ಮೇಷ್ಟ್ರು ಲಗುಬಗೆಯಿಂದ ವೇದಿಕೆ ಇಳಿದು ಬಂದು, ಮೈಕನ್ನು ಹೆಂಡತಿಯ ಕೈಗಿತ್ತು, ಆಕೆಯ ಕುರ್ಚಿಯಲ್ಲಿ ಹಾಯಾಗಿ ಕೂತರು. ಇಷ್ಟು ವರ್ಷಗಳ ಮೇಲೆ ಪಾಠ ಕೇಳುವ ಸರದಿ ಅವರದು.

"ಅಲ್ಲಾ, ನಿಮ್ಮ ಕಸುಬೇ ನನಗೆ ಅರ್ಥ ಆಗಲ್ಲ ಕಣಪ್ಪಾ," ಎಂದರು ಆಕೆ ಶಿಷ್ಯನಿಗೆ. "ಮನುಷ್ಯರು ಎದುರಿಗೆ ಕೂತಿದ್ರೆ ಒಂದು ಮಾತು ಕೇಳಲ್ಲ, ಸತ್ತ ಮೇಲೆ ಬಂದು ಮಣ್ಣು ಅಗೀತೀರ!"