ಬೀಗವಿಲ್ಲದ ಮೆಸೇಜು

ಹೆಂಡತಿಯ ಜಡೆಯನ್ನು ಎಡಗೈಗೆ ಸುತ್ತಿಕೊಂಡು ಅವನು ಅವಳ ತಲೆಯನ್ನು ಚಿಲಕ ಹಾಕಿದ ಬಾಗಿಲಿಗೆ ಗುದ್ದಿದ. ಬಲಗೈಯಲ್ಲಿ ಅವಳ ಫೋನಿತ್ತು. "ಇವತ್ತೇ ಬಂದು ಕರ್ಕೊಂಡು ಹೋಗ್ತೀನಿ ಅಕ್ಕಾ, ಬಟ್ಟೆ ಕಟ್ಟಿಟ್ಕೋ," ಎಂದು ಅವಳ ತಂಗಿಯ ಮೆಸೇಜನ್ನು ಹೆಣ್ಣುದನಿ ಮಾಡಿ ಓದಿದ.

ವೆಲ್ಡಿಂಗ್ ಕೆಲಸದ ತಂಗಿಯದು ಬಟನ್ ಫೋನು. ಅದರಿಂದ ಬರುವುದು ಮಾಮೂಲಿ ಮೆಸೇಜಷ್ಟೇ. ಎರಡು ವರ್ಷ ಅವೆಲ್ಲ ಅಕ್ಕನ ಫೋನಿನಲ್ಲಿ ಪಾಸ್‌ವರ್ಡ್ ಹಾಕಿದ ಒಂದು ಮೆಸೇಜಿನ ಆ್ಯಪಿನೊಳಗೆ ಬಂದು ಬೀಳುತ್ತಿದ್ದವು, ಅವನಿಗೆ ಸುಳಿವೂ ಸಿಕ್ಕಿರಲಿಲ್ಲ. ಇನ್ನು ಮಾಮೂಲಿ ಮೆಸೇಜು ನಮ್ಮಲ್ಲಿ ಬರುವುದಿಲ್ಲ ಎಂದು ಆ್ಯಪಿನವರು ಇಂದು ಕೈತೊಳೆದುಕೊಂಡಿದ್ದರು. ತಂಗಿಯ ಮಾತು ನೇರ ಪರದೆಯ ಮೇಲೆ, ಅವನ ಕಣ್ಣೆದುರೇ ಬಂದು ಕೂತಿತ್ತು.

"ಬರ್ಲಿ ಅವಳು, ಕೈಕಾಲು ಮುರಿದು ಕಳಿಸ್ತೀನಿ." ಮತ್ತೆ ಗುದ್ದಿದ. ಹುಬ್ಬು ಒಡೆದು ರಕ್ತ ಅವಳ ಕಣ್ಣಿಗಿಳಿಯಿತು. ಆಗ ಫೋನು ಟಿಣ್ ಎಂದಿತು. "ಓಹೋ, ಇನ್ನೊಂದು!" ಅದೇ ಹೆಣ್ಣುದನಿಯಲ್ಲಿ ಶುರು ಮಾಡಿದ: "ಅಕ್ಕಾ, ಅವನು ಹೊಡೀತಿರೋದು ಇಲ್ಲಿ ಹೊರಗೆ ಕೇಳಿಸ್ತಿದೆ. ದೊಡ್ಡ ಸುತ್ತಿಗೆ ತಂದಿದೀನಿ. ಬಾಗಿಲು ಬಿಟ್ಟು ಪಕ್ಕಕ್ಕೆ..."

ಜಡೆ ಹಿಡಿದ ಕೈ ಸಡಿಲವಾಯಿತು. ಅವಳು ಪಕ್ಕಕ್ಕೆ ಸರಿದು ಗೋಡೆಗೆ ಬೆನ್ನು ಕೊಟ್ಟಳು. ಅವನು ಉಳಿದ ಮಾತನ್ನು ಓದುತ್ತ ಅಲ್ಲೇ ನಿಂತಿದ್ದಾಗ ಬಾಗಿಲು ಅವನ ಮೇಲೆ ಬಿತ್ತು.