ಹೇಸರಗತ್ತೆಯ ಬಿಲ್ಲೆ

ಬಿಲ್ಲೆ ಮಾಸ್ತರು ಕಿಟಕಿಯ ಪರದೆ ಎಳೆದು ನೇರಳೆ ದೀಪ ಹಾಕಿದರು. ಮೇಜಿನ ಮೇಲಿದ್ದ ಅಂಗೈಯಗಲದ ಕಪ್ಪು ಉಣ್ಣೆಯ ತುಂಡಿನಲ್ಲಿ ಬಿಳಿ ದಾರದ ಹೇಸರಗತ್ತೆ ಫಳಕ್ಕನೆ ನೀಲಿಯಾಗಿ ಹೊಳೆಯಿತು. ಎದುರಿಗೆ ನಿಂತಿದ್ದ ಇಸ್ತ್ರಿ ಅಂಗಡಿಯಾಕೆಯ ಮುಖ ಅರಳಿತು. ಪಾಪ, ಅದು ಹೊಳೆಯಬಾರದಿತ್ತು ಎಂದು ಆಕೆಗೆ ಗೊತ್ತಿರಲಿಲ್ಲ.

"ನಕಲಿ," ಎಂದರು ಮಾಸ್ತರು. "ಹಳೇ ಹತ್ತಿ ದಾರ ಈ ದೀಪಕ್ಕೆ ಮಂಕಾಗಿರುತ್ತಮ್ಮ. ಹೀಗೆ ಹೊಳೆಯೋದು ಈಚಿನ ದಾರ. ಇದು ಬ್ರಿಟಿಷರ ಸೈನ್ಯದ್ದಲ್ಲ."

"ಸಾರ್, ನಾನು ನಿನ್ನೆ ಇದನ್ನ..."

"ದೀಪ ಸುಳ್ಳು ಹೇಳಲ್ಲಮ್ಮ. ಇದನ್ನ ಹೊಲಿದಿದ್ದ ಅಂಗಿ ಇದ್ರೆ ತನ್ನಿ, ನೋಡೋಣ. ಅಸಲಿ ಬಿಲ್ಲೆ ಬಿಚ್ಚಿದ ಜಾಗದಲ್ಲಿ ಬಟ್ಟೆ ಹೊಸದರ ಹಾಗೇ ಇರುತ್ತೆ, ಸುತ್ತ ಮಾತ್ರ ಮಾಸಿರುತ್ತೆ. ಆ ಗುರುತನ್ನ ಎಂಥ ಕಳ್ಳನೂ ನಕಲು ಮಾಡಕ್ಕಾಗಲ್ಲ."

"ಅಂಗಿ ಎಲ್ಲಿಂದ ಬರ್ಬೇಕು ಸಾರ್. ಅದನ್ನ ಹಾಕ್ಕೊಂಡಿದ್ದ ಮನುಷ್ಯನೇ ವಾಪಸ್ ಬರ್ಲಿಲ್ಲ."

ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮಾಸ್ತರು ನಲವತ್ತು ವರ್ಷಗಳಿಂದ ಬ್ರಿಟಿಷ್ ಸೈನ್ಯದ ಟೋಪಿಯ ಹಿತ್ತಾಳೆ ಬಿಲ್ಲೆ, ತೋಳಿನ ಬಟ್ಟೆ ಬಿಲ್ಲೆಗಳನ್ನು ಕೂಡಿಟ್ಟವರು. ಗಾಜಿನ ಪೆಟ್ಟಿಗೆಗಳ ನಡುವೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸತ್ತ ಸಿಪಾಯಿಗಳ ಬಿಲ್ಲೆಗಿರುವ ಮರ್ಯಾದೆ ಈ ಮನೆಯಲ್ಲಿ ತನಗಿಲ್ಲ ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದರು. ಅಸಲಿ ನಕಲಿಯ ವಿಷಯ ಬಂದರೆ ಮಾಸ್ತರದು ಕಡ್ಡಿ ಮುರಿದ ಹಾಗಿನ ಮಾತು ಎಂದು ಹೆಸರಾಗಿತ್ತು; ಆ ಹೆಸರನ್ನು ಅವರು ಒಂದು ಬಿಲ್ಲೆಯಂತೆಯೇ ಎದೆಗೆ ಸಿಕ್ಕಿಸಿಕೊಂಡಿದ್ದರು.

ಆಕೆ ತನ್ನ ಕಥೆಯನ್ನು ಬಂದ ಕೂಡಲೇ ಹೇಳಿಯಾಗಿತ್ತು. ಆಕೆಯ ತಾಯಿಗೆ ನಾಲ್ಕು ವರ್ಷವಿದ್ದಾಗ ಆ ತಾಯಿಯ ತಂದೆ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಬ್ರಿಟಿಷರ ಸೈನ್ಯ ಸೇರಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜೊತೆಗಾರನೊಬ್ಬ ಬಂದು, ಅವನು ಸತ್ತ ಎಂದು ಹೇಳಿ, ಈ ಬಿಲ್ಲೆ ಕೊಟ್ಟು, ನೀರು ಕುಡಿದು ಹೋದ. ಕಾಗದವಿಲ್ಲ, ಪತ್ರವಿಲ್ಲ. ಮನೆಯಲ್ಲಿ ಉಳಿದದ್ದು ಮದುವೆಯ ವರ್ಷ ತೆಗೆಸಿದ ಫೋಟೋ ಮತ್ತು ಇದು. ಸತ್ತೂ ಇಲ್ಲ, ಕೆಟ್ಟೂ ಇಲ್ಲ, ಇನ್ನೊಬ್ಬಳ ಜೊತೆ ಎಲ್ಲೋ ಸುಖವಾಗಿದ್ದಾನೆ ಎಂದು ಊರೆಲ್ಲ ಆಡಿಕೊಂಡಿತು. ಆ ತಾಯಿ ಈ ಬಟ್ಟೆ ತುಂಡನ್ನು ಹಿಡಿದುಕೊಂಡೇ ಊರಿನ ಬಾಯಿಗೆಲ್ಲ ಉತ್ತರ ಕೊಟ್ಟಿದ್ದಳು. ಈಗ ಎಂಬತ್ತೈದು ವರ್ಷ, ಹಾಸಿಗೆ ಹಿಡಿದಿದ್ದಳು. ತಿಳಿದವರ ಬಾಯಿಂದ ಒಂದು ಮಾತು ಕೇಳಿಕೊಂಡು ಬಾ ಎಂದು ಮಗಳನ್ನು ಕಳಿಸಿದ್ದಳು.

"ಅಮ್ಮಂಗೆ ಏನಂತ ಹೇಳ್ಲಿ ಸಾರ್?"

"ಇದ್ದದ್ದನ್ನ ಇದ್ದ ಹಾಗೇ ಹೇಳಿ. ಅಷ್ಟು ವಯಸ್ಸಾದೋರಿಗೆ ಸುಳ್ಳು ಹೇಳಬಾರದು."

ಹತ್ತು ದಿನ ಕಳೆಯಿತು. ಮಾಸ್ತರು ದೀಪ ಹಾಕಿಕೊಂಡು ಇನ್ಯಾವುದೋ ಬಿಲ್ಲೆ ನೋಡುತ್ತಿದ್ದಾಗ ಹೆಂಡತಿ ಒಗೆದು ಮಡಿಸಿದ ಬಟ್ಟೆಗಳನ್ನು ತಂದು ಮೇಜಿನ ತುದಿಗಿಟ್ಟರು. ಎಲ್ಲಕ್ಕಿಂತ ಮೇಲೆ ಒಂದು ಕರವಸ್ತ್ರ. ಅದರ ಮೂಲೆಯಲ್ಲಿ, ಮದುವೆಗೆ ಮೊದಲು ಆಕೆಯೇ ಕಸೂತಿ ಹಾಕಿದ್ದ ಬಿಳಿ ಮಲ್ಲಿಗೆ, ನಲವತ್ತಾರು ವರ್ಷದ್ದು, ಫಳಕ್ಕನೆ ನೀಲಿಯಾಗಿ ಹೊಳೆಯಿತು.

"ಇದನ್ನ ಯಾವುದರಲ್ಲಿ ಒಗೆದೆ?"

"ಎಲ್ಲರೂ ಒಗೆಯೋ ಪುಡೀಲೇ. ಯಾಕೆ, ನನ್ನ ಮಲ್ಲಿಗೇನೂ ನಕಲೀನಾ?"

ಮಾಸ್ತರು ನಗಲಿಲ್ಲ. ಸೋಪಿನ ಪುಡಿಯಲ್ಲಿ ಬೆಳ್ಳಗೆ ಕಾಣಿಸಲು ಹಾಕುವ ವಸ್ತು ಈ ದೀಪಕ್ಕೆ ಹೊಳೆಯುತ್ತದೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಬಿಲ್ಲೆ ಕೂಡಿಡುವವರು ಯಾರೂ ಬಟ್ಟೆಯ ಬಿಲ್ಲೆಯನ್ನು ನೀರಿಗೆ ತೋರಿಸುವುದಿಲ್ಲ. ಹಾಗಾಗಿ ಒಗೆದಿರಾ ಎಂದು ಕೇಳುವ ಅಭ್ಯಾಸವೇ ಅವರಿಗಿರಲಿಲ್ಲ. ಬಟ್ಟೆ ಒಗೆದು ಇಸ್ತ್ರಿ ಹಾಕುವುದೇ ಕಸುಬಾಗಿರುವ ಹೆಂಗಸನ್ನೂ ಕೇಳಲಿಲ್ಲ. 'ನಿನ್ನೆ ಇದನ್ನ' ಎಂದು ಆಕೆ ಬಾಯಿ ತೆರೆದಾಗ ತಾನೇ ತಡೆದದ್ದು ಅವರಿಗೆ ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಆಕೆ ಅಂಗಡಿಯಲ್ಲಿ ಯಾರದೋ ಅಂಗಿಯ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಹಿಂದೆ ಒಂದೇ ಒಂದು ಕೋಣೆ, ಅದೇ ಮನೆ.

"ಅಮ್ಮಾ, ಅವತ್ತು ಅದನ್ನ ಒಗೆದು ತಂದಿದ್ರಾ?"

"ಹೌದು ಸಾರ್. ದೊಡ್ಡೋರ ಮುಂದೆ ಕೊಳೆಯಾಗಿರೋದನ್ನ ಹೇಗೆ ಇಡೋದು? ಅಮ್ಮಾನೇ ಹೇಳಿದ್ಲು, ನಮ್ಮಪ್ಪಂದು, ಚೆನ್ನಾಗಿ ಒಗಿ ಅಂತ."

"ಹೊಳೆದಿದ್ದು ಆ ಪುಡೀನಮ್ಮ, ದಾರ ಅಲ್ಲ. ತಪ್ಪು ನಂದು. ಅದನ್ನ ಕೊಡಿ, ಇನ್ನೊಂದು ಸಲ ಸರಿಯಾಗಿ ನೋಡ್ತೀನಿ. ನಿಮ್ಮ ತಾಯಿಗೆ ನಾನೇ ಬಂದು ಹೇಳ್ತೀನಿ."

ಆಕೆ ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟಳು.

"ಅಮ್ಮ ಹೋಗಿ ಐದು ದಿನ ಆಯ್ತು ಸಾರ್. ನೀವು ಹೇಳಿದ್ದನ್ನ ಹೇಳ್ದೆ. ಅಳ್ಲಿಲ್ಲ. ಊರೋರು ಹೇಳಿದ್ದೇ ಸರಿ ಹಾಗಾದ್ರೆ, ಅಂದ್ಲು ಅಷ್ಟೆ. ಆಮೇಲೆ ಅವನ ಫೋಟೋ ಇಳಿಸು ಅಂದ್ಲು. ಅದನ್ನೂ ಬಿಲ್ಲೇನೂ ಸುಟ್ಟುಬಿಡು ಅಂದ್ಲು. ಇದೇ ಪೆಟ್ಟಿಗೆ ಕೆಂಡಕ್ಕೆ ಹಾಕ್ದೆ."

ಮಾಸ್ತರು ಆಕೆಯ ಮುಖ ನೋಡಲಾಗದೆ ಆಚೆ ನೋಡಿದರು. ಒಳಕೋಣೆಯಲ್ಲಿ ಸುತ್ತಿಟ್ಟ ಹಾಸಿಗೆಯ ಮೇಲುಗಡೆ, ಇದ್ದಿಲ ಹೊಗೆಗೆ ಕಪ್ಪಾಗಿದ್ದ ಗೋಡೆಯ ನಡುವೆ ಒಂದು ಮೊಳೆ. ಅದರ ಕೆಳಗೆ ಗೇಣಗಲದ ಚೌಕದಲ್ಲಿ ಸುಣ್ಣ ಬೆಳ್ಳಗೆ, ಹೊಸದರ ಹಾಗೇ ಇತ್ತು. ಸುತ್ತ ಮಾತ್ರ ಮಾಸಿತ್ತು.